ಉತ್ತರ ಕರ್ನಾಟಕದ ಸಂಗೀತಗಾರರು ಮತ್ತು ರಾಷ್ಟ್ರಮಟ್ಟದ ಪ್ರಶಸ್ತಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡ, ಹುಬ್ಬಳ್ಳಿ, ಗದಗ, ಕುಂದಗೋಳ ಸೀಮೆಯ ಗಾಯಕರ ಮಾತು ಬಂದಾಗಲೆಲ್ಲ ಪ್ರಶಸ್ತಿಗಳ ಮಾತೂ ಬರುತ್ತದೆ, ಅದರ ಬೆನ್ನಿಗೇ ಗೊಂದಲವೂ ಬರುತ್ತದೆ. ಯಾವ ಪ್ರಶಸ್ತಿಯನ್ನು ಯಾರು ಕೊಡುತ್ತಾರೆ, ಯಾವ ವರ್ಷದ್ದು, ಹೆಸರು ಕಳಿಸುವುದು ಹೇಗೆ ಎಂದು ಮಾತುಕತೆಗಳಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳುತ್ತಾರೆ. ಆ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇವೆ.

## ಮೊದಲು ತಿಳಿದಿರಬೇಕಾದವು

ರಾಷ್ಟ್ರಪ್ರಶಸ್ತಿ ಅಂದ್ರೆ ಯಾವುದು? ಹತ್ತಾರು ಹೆಸರು ಕೇಳ್ತೀವಿ.

'ರಾಷ್ಟ್ರೀಯ' ಎಂಬ ಪದವನ್ನು ಯಾವ ಸಂಘ, ಯಾವ ಟ್ರಸ್ಟ್ ಬೇಕಾದರೂ ತನ್ನ ಪ್ರಶಸ್ತಿಗೆ ಸೇರಿಸಿಕೊಳ್ಳಬಹುದು. ಹಾಗಾಗಿ ಹೆಸರು ನೋಡಬೇಡಿ, ಕೊಡುವವರು ಯಾರು ಎಂದು ನೋಡಿ. ಸಂಗೀತಕ್ಕೆ ಸಂಬಂಧಪಟ್ಟಂತೆ ಕೇಂದ್ರದಿಂದ ಬರುವವು ಮುಖ್ಯವಾಗಿ ಮೂರು: ದೆಹಲಿಯ ಸಂಗೀತ ನಾಟಕ ಅಕಾಡೆಮಿಯ ಪುರಸ್ಕಾರ ಮತ್ತು ಫೆಲೋಶಿಪ್; 1954ರಲ್ಲಿ ಶುರುವಾದ ನಾಗರಿಕ ಗೌರವಗಳು, ಅಂದರೆ ಭಾರತರತ್ನ ಮತ್ತು ಪದ್ಮ ಪ್ರಶಸ್ತಿಗಳು (ಪದ್ಮಶ್ರೀ, ಅದರ ಮೇಲೆ ಪದ್ಮಭೂಷಣ, ಅದರ ಮೇಲೆ ಪದ್ಮವಿಭೂಷಣ); ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ಸಂಗೀತ ವಿಭಾಗ. ಇವಲ್ಲದೆ ಮಧ್ಯಪ್ರದೇಶ ಸರ್ಕಾರದ ಕಾಳಿದಾಸ ಸಮ್ಮಾನವೂ ಇದೆ. ಕೊಡುವುದು ಒಂದು ರಾಜ್ಯವಾದರೂ ಆಯ್ಕೆ ದೇಶದ ಎಲ್ಲ ಕಡೆಯಿಂದ ನಡೆಯುವುದರಿಂದ ಕಲಾವಿದರು ಅದನ್ನು ರಾಷ್ಟ್ರಮಟ್ಟದ್ದೆಂದೇ ಎಣಿಸುತ್ತಾರೆ.

ಕೇಂದ್ರದ ಅಕಾಡೆಮಿ, ನಮ್ಮ ಬೆಂಗಳೂರಿನ ಅಕಾಡೆಮಿ ಎರಡೂ ಒಂದೇನಾ?

ಅಲ್ಲ. ಅತಿ ಹೆಚ್ಚು ತಪ್ಪು ನಡೆಯುವುದೇ ಇಲ್ಲಿ. ಸಂಗೀತ ನಾಟಕ ಅಕಾಡೆಮಿ ಕೇಂದ್ರ ಸಂಸ್ಕೃತಿ ಸಚಿವಾಲಯದಡಿಯ ಸ್ವಾಯತ್ತ ಸಂಸ್ಥೆ. 1953ರ ಜನವರಿ 28ರಂದು ಅದನ್ನು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಉದ್ಘಾಟಿಸಿದರು. ಕಚೇರಿ ದೆಹಲಿಯ ರವೀಂದ್ರ ಭವನದಲ್ಲಿದೆ. ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿ ರಾಜ್ಯ ಸರ್ಕಾರದ್ದು, ಅದರ ವಾರ್ಷಿಕ ಪ್ರಶಸ್ತಿ 'ಕರ್ನಾಟಕ ಕಲಾಶ್ರೀ'. ಪರಿಚಯ ಪತ್ರದಲ್ಲಿ ಬರೀ 'ಅಕಾಡೆಮಿ ಪ್ರಶಸ್ತಿ ಪುರಸ್ಕೃತರು' ಎಂದು ಬರೆದರೆ ಓದುವವರಿಗೆ ಯಾವುದೆಂದು ತಿಳಿಯುವುದಿಲ್ಲ. 'ಕೇಂದ್ರ' ಅಥವಾ 'ರಾಜ್ಯ' ಎಂಬ ಮಾತನ್ನೂ ವರ್ಷವನ್ನೂ ತಪ್ಪದೆ ಬರೆಯಿರಿ.

ನಮ್ಮ ಭಾಗದ ಯಾರಿಗೆ, ಯಾವುದು, ಯಾವಾಗ ಬಂತು? ಒಂದೇ ಕಡೆ ಹೇಳಿ.

ಎಲ್ಲರನ್ನೂ ಇಲ್ಲಿ ತರಲಾಗದು. ಹೆಚ್ಚಾಗಿ ಕೇಳುವ ಹೆಸರುಗಳು ಇವು. ಇಲ್ಲಿಂದ ಮುಂದೆ ಬರೀ 'ಅಕಾಡೆಮಿ' ಎಂದಲ್ಲೆಲ್ಲ ಕೇಂದ್ರದ್ದೆಂದು ತಿಳಿಯಿರಿ.

ಮಲ್ಲಿಕಾರ್ಜುನ ಮನ್ಸೂರರು ಧಾರವಾಡದ ಪಕ್ಕದ ಮನಸೂರಿನವರು, ಜೈಪುರ–ಅತ್ರೌಲಿ ಘರಾನೆಯ (ಗುರುಪರಂಪರೆಯಿಂದ ಬಂದ ಹಾಡಿಕೆಯ ಶೈಲಿ) ಗಾಯಕರು. ಪದ್ಮಶ್ರೀ 1970, ಅಕಾಡೆಮಿ ಪುರಸ್ಕಾರ 1971, ಪದ್ಮಭೂಷಣ 1976, ಅಕಾಡೆಮಿ ಫೆಲೋಶಿಪ್ 1982, ಪದ್ಮವಿಭೂಷಣ 1992. ಆ ವರ್ಷದ ಸೆಪ್ಟೆಂಬರ್‌ನಲ್ಲೇ ಅವರು ತೀರಿಕೊಂಡರು. ಕಾಳಿದಾಸ ಸಮ್ಮಾನ ಶುರುವಾದಾಗ ಶಾಸ್ತ್ರೀಯ ಸಂಗೀತಕ್ಕೆ ಮೊದಲು ಆಯ್ಕೆಯಾದ ಇಬ್ಬರಲ್ಲಿ ಒಬ್ಬರು ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್, ಇನ್ನೊಬ್ಬರು ಮನ್ಸೂರರು.

ಗಂಗೂಬಾಯಿ ಹಾನಗಲ್ ಹುಟ್ಟಿದ್ದು 1913ರಲ್ಲಿ ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಪದ್ಮಭೂಷಣ 1971, ಅಕಾಡೆಮಿ ಪುರಸ್ಕಾರ 1973, ಫೆಲೋಶಿಪ್ 1996, ಪದ್ಮವಿಭೂಷಣ 2002. ಅವರಿಗೆ ಪದ್ಮಶ್ರೀ ಬಂದಿತ್ತೆಂದು ಕೆಲವರು ಬರೆಯುತ್ತಾರೆ. ಅದು ತಪ್ಪು, ನೇರವಾಗಿ ಪದ್ಮಭೂಷಣವೇ ಬಂದದ್ದು.

ಭೀಮಸೇನ ಜೋಶಿಯವರು 1922ರಲ್ಲಿ ಗದಗ ಸೀಮೆಯ ರೋಣದಲ್ಲಿ ಹುಟ್ಟಿದವರು. ಪದ್ಮಶ್ರೀ 1972, ಪದ್ಮಭೂಷಣ 1985, ಅಕಾಡೆಮಿ ಫೆಲೋಶಿಪ್ 1998, ಪದ್ಮವಿಭೂಷಣ 1999. ಭಾರತರತ್ನ ಘೋಷಣೆಯಾದದ್ದು 2008ರ ನವೆಂಬರ್‌ನಲ್ಲಿ. ನಾಲ್ಕೂ ನಾಗರಿಕ ಗೌರವಗಳನ್ನು ಪಡೆದವರು ದೇಶದಲ್ಲೇ ಬೆರಳೆಣಿಕೆಯಷ್ಟು ಮಂದಿ.

ಬಸವರಾಜ ರಾಜಗುರು ಕುಂದಗೋಳ ತಾಲ್ಲೂಕಿನ ಯಲಿವಾಳದವರು. ಪದ್ಮಶ್ರೀ 1975, ಪದ್ಮಭೂಷಣ 1991. ಕುಮಾರ ಗಂಧರ್ವರ ಮೂಲ ಹೆಸರು ಶಿವಪುತ್ರಯ್ಯ ಕೋಮಕಾಳಿಮಠ, ಊರು ಬೆಳಗಾವಿ ಜಿಲ್ಲೆಯ ಸುಳೇಭಾವಿ. ಪದ್ಮಭೂಷಣ 1977, ಅಕಾಡೆಮಿ ಫೆಲೋಶಿಪ್ 1988, ಪದ್ಮವಿಭೂಷಣ 1990. ಗದಗ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳಿಗೆ 2010ರಲ್ಲಿ ಪದ್ಮಭೂಷಣ ಬಂತು. ಅವರ ಶಿಷ್ಯ ಎಂ. ವೆಂಕಟೇಶಕುಮಾರ್ ಅವರಿಗೆ 2016ರಲ್ಲಿ ಪದ್ಮಶ್ರೀ ಬಂತು.

ಇಷ್ಟು ಜನ ಒಂದೇ ಸೀಮೆಯಿಂದ ಹೆಂಗ ಬಂದ್ರು? ನೀರಿನ ಗುಣಾನ?

ನೀರಿನ ಗುಣವೆಂದು ಹೇಳಿ ಮುಗಿಸಿದರೆ ಕಲಿಸಿದವರಿಗೆ ಅನ್ಯಾಯವಾಗುತ್ತದೆ. ಕಾರಣಗಳನ್ನು ಬೆರಳಿಟ್ಟು ತೋರಿಸಬಹುದು.

ಮೊದಲನೆಯದು ರಾಜಕೀಯ ಭೂಗೋಳ. 1956ರ ತನಕ ಈ ಭಾಗ ಮುಂಬಯಿ ಆಡಳಿತಕ್ಕೆ ಸೇರಿತ್ತು. ಮಿರಜ, ಪುಣೆ, ಮುಂಬಯಿಗಳ ಜೊತೆ ರೈಲಿನ ನಂಟಿತ್ತು. ಕಿರಾನಾ ಘರಾನೆಯ ಅಬ್ದುಲ್ ಕರೀಂ ಖಾನರು ಮಿರಜದಲ್ಲಿ ನೆಲೆಸಿದ್ದರು. ಮೈಸೂರು ಅರಮನೆಗೆ ಹೋಗಿ ಬರುವಾಗ ಈ ದಾರಿಯಲ್ಲಿ ಉಳಿದು ಶಿಷ್ಯರಿಗೆ ಹೇಳಿಕೊಟ್ಟರು. ಕುಂದಗೋಳದ ರಾಮಚಂದ್ರ, ಮುಂದೆ ಸವಾಯಿ ಗಂಧರ್ವರೆಂದು ಹೆಸರಾದವರು, ಅವರ ಬಳಿಯೇ ಕಲಿತರು. ಸವಾಯಿ ಗಂಧರ್ವರಿಂದ ಗಂಗೂಬಾಯಿ ಮತ್ತು ಭೀಮಸೇನರಿಗೆ ಆ ಗಾಯನ ಶೈಲಿ ಬಂತು. ತಾಲೀಮಿಗಾಗಿ ಗಂಗೂಬಾಯಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡುತ್ತಿದ್ದರು.

ಎರಡನೆಯದು ನಾಟಕ ಕಂಪನಿಗಳು. ಬಾಲಕ ಮನ್ಸೂರರು ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಹಾಡುತ್ತಿದ್ದಾಗ ಮಿರಜದ ನೀಲಕಂಠಬುವಾ ಅವರ ಕಿವಿಗೆ ಬಿದ್ದರು. ಹಾಗೆ ಗ್ವಾಲಿಯರ್ ಪದ್ಧತಿಯ ಪಾಠ ಶುರುವಾಯಿತು. ಜೈಪುರ ಘರಾನೆಯ ಮಂಜಿಖಾನ್, ಬುರ್ಜಿಖಾನರ ತಾಲೀಮು ಆಮೇಲಿನದು.

ಮೂರನೆಯದು ಮಠ ಮತ್ತು ಆಶ್ರಮ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜರು, ಅಂಧ ಮತ್ತು ಬಡ ಮಕ್ಕಳಿಗೆ ಊಟ ವಸತಿ ಕೊಟ್ಟು ಸಂಗೀತ ಕಲಿಸಿದರು. ಶುಲ್ಕ ಕಟ್ಟಿ ಕಲಿಯಲಾಗದ ಮಕ್ಕಳಿಗೆ ವರ್ಷಗಟ್ಟಲೆ ಪಾಠ ಸಿಕ್ಕಿದ್ದು ಹೀಗೆ. ವೆಂಕಟೇಶಕುಮಾರ್ ಅಲ್ಲಿ ಹನ್ನೆರಡು ವರ್ಷ ಇದ್ದರು. ನಮ್ಮ ಅಭಿಪ್ರಾಯದಲ್ಲಿ ಈ ಮೂರರಲ್ಲಿ ಇದೇ ದೊಡ್ಡ ಕಾರಣ. ದೆಹಲಿಯಲ್ಲಿ ಪದಕ ಪಡೆದವರ ಹಿಂದೆ ಅನ್ನ ಹಾಕಿದ ಒಂದು ಸಂಸ್ಥೆ ನಿಂತಿದೆ.

## ಗೊಂದಲವಿರುವ ಕಡೆ

ಭೀಮಸೇನ ಜೋಶಿ, ಕುಮಾರ ಗಂಧರ್ವರನ್ನ ನಮ್ಮ ಲೆಕ್ಕಕ್ಕೆ ಹಿಡೀಬಹುದಾ?

ಸಂಗೀತದ ಇತಿಹಾಸ ಬರೆಯುವಾಗ ಧಾರಾಳವಾಗಿ ಹಿಡಿಯಿರಿ. ಸರ್ಕಾರದ ಪಟ್ಟಿಯನ್ನು ಎಣಿಸುವಾಗ ಮಾತ್ರ ಎಚ್ಚರ ಬೇಕು. ಪದ್ಮ ಪಟ್ಟಿಯಲ್ಲಿ ಹೆಸರಿನ ಮುಂದೆ ಇರುವ ರಾಜ್ಯ ಹುಟ್ಟೂರಿನದಲ್ಲ. ಪುಣೆಯಲ್ಲಿ ನೆಲೆಸಿದ್ದ ಭೀಮಸೇನರು ಅಲ್ಲಿ ಮಹಾರಾಷ್ಟ್ರದವರು, ದೇವಾಸದಲ್ಲಿದ್ದ ಕುಮಾರ ಗಂಧರ್ವರು ಮಧ್ಯಪ್ರದೇಶದವರು. ರಾಜ್ಯವಾರು ಪಟ್ಟಿಯಿಂದ ಕರ್ನಾಟಕದ ಸಂಗೀತಗಾರರನ್ನು ಎಣಿಸಿದರೆ ಈ ಇಬ್ಬರೂ ಬಿಟ್ಟುಹೋಗುತ್ತಾರೆ. ಲೇಖನ ಬರೆಯುವವರು 'ಇಲ್ಲಿ ಹುಟ್ಟಿ ಬೇರೆಡೆ ನೆಲೆಸಿದವರು' ಎಂದು ಬೇರೆ ಸಾಲು ಮಾಡಿದರೆ ಯಾರಿಗೂ ತಕರಾರಿರದು. ಅಂದಹಾಗೆ, ಕರ್ನಾಟಕ ಸರ್ಕಾರ 2005ರಲ್ಲಿ ಭೀಮಸೇನರಿಗೆ 'ಕರ್ನಾಟಕ ರತ್ನ' ಕೊಟ್ಟು ಆ ನಂಟನ್ನು ಗೌರವಿಸಿದೆ.

ಸವಾಯಿ ಗಂಧರ್ವರಿಗೆ ಒಂದೂ ರಾಷ್ಟ್ರಪ್ರಶಸ್ತಿ ಇಲ್ಲ ಯಾಕೆ?

ಕಾಲ ಕೂಡಿಬರಲಿಲ್ಲ. ಅವರು ತೀರಿಕೊಂಡದ್ದು 1952ರಲ್ಲಿ. ಅಕಾಡೆಮಿಯ ಪ್ರಶಸ್ತಿಗಳು ಆಗಷ್ಟೇ ಶುರುವಾಗುತ್ತಿದ್ದವು, ಪದ್ಮ ಬಂದದ್ದು ಇನ್ನೂ ಎರಡು ವರ್ಷಕ್ಕೆ. 1944ರಲ್ಲಿ ತೀರಿಕೊಂಡ ಪಂಚಾಕ್ಷರಿ ಗವಾಯಿಗಳದ್ದೂ ಇದೇ ಕಥೆ. ಅಕಾಡೆಮಿ ಪುರಸ್ಕಾರ ಮರಣೋತ್ತರವಾಗಿ ಕೊಡುವಂಥದ್ದಲ್ಲ. ಪದ್ಮ ಕೂಡ ಸಾಮಾನ್ಯವಾಗಿ ಮರಣೋತ್ತರವಲ್ಲ. ತೀರ ಅರ್ಹ ಪ್ರಕರಣಗಳಲ್ಲಿ ಕೊಡುವುದುಂಟಾದರೂ ಅದು ಇತ್ತೀಚೆಗೆ ಅಗಲಿದವರಿಗೆ.

ಒಂದೇ ಪ್ರಶಸ್ತಿಗೆ ಒಂದು ಕಡೆ ಒಂದು ವರ್ಷ, ಇನ್ನೊಂದು ಕಡೆ ಬೇರೆ ವರ್ಷ ಇರ್ತದೆ. ಯಾವುದು ಸರಿ?

ಒಂದು ಪ್ರಶಸ್ತಿಗೆ ಮೂರು ದಿನಾಂಕಗಳಿರುತ್ತವೆ: ಪ್ರಶಸ್ತಿ ಯಾವ ವರ್ಷದ್ದು, ಘೋಷಣೆ ಯಾವಾಗ ಆಯಿತು, ಪ್ರದಾನ ಯಾವಾಗ ನಡೆಯಿತು. ಅಕಾಡೆಮಿಯ 2019, 2020, 2021ರ ಪುರಸ್ಕಾರಗಳನ್ನು ಒಟ್ಟಿಗೆ ಘೋಷಿಸಿದ್ದು 2022ರ ನವೆಂಬರ್‌ನಲ್ಲಿ, ಪ್ರದಾನವಾದದ್ದು 2023ರಲ್ಲಿ. ಕೋವಿಡ್‌ನಿಂದಾಗಿ 2020 ಮತ್ತು 2021ರ ಪದ್ಮ ಪ್ರಶಸ್ತಿಗಳನ್ನು ರಾಷ್ಟ್ರಪತಿ ಭವನದಲ್ಲಿ ಕೊಟ್ಟದ್ದು 2021ರ ನವೆಂಬರ್‌ನಲ್ಲಿ. ಪತ್ರಿಕೆಯ ವರದಿ ನೋಡಿ ವರ್ಷ ಹಾಕಿದರೆ ಲೆಕ್ಕ ತಪ್ಪುತ್ತದೆ. ಅಕಾಡೆಮಿಯದ್ದಾದರೆ ತಾಮ್ರಪತ್ರ ನೋಡಿ, ಪದ್ಮವಾದರೆ ಗಣರಾಜ್ಯೋತ್ಸವದ ಮುನ್ನಾದಿನ ಹೊರಬೀಳುವ ಪಟ್ಟಿಯ ವರ್ಷವನ್ನೇ ಹಾಕಿ.

ಆಮಂತ್ರಣ ಪತ್ರಿಕೆಯಲ್ಲಿ 'ಪದ್ಮಶ್ರೀ ಪಂಡಿತ' ಅಂತ ಹಾಕಿದ್ರೆ ತಪ್ಪೇನು? ಎಲ್ಲರೂ ಹಾಕ್ತಾರಲ್ಲ.

ತಪ್ಪು. ಸಂವಿಧಾನದ 18ನೇ ವಿಧಿ ಬಿರುದುಗಳನ್ನು ರದ್ದು ಮಾಡಿದೆ. ಪದ್ಮ ಪ್ರಶಸ್ತಿ ಬಿರುದಲ್ಲ, ಅದನ್ನು ಹೆಸರಿನ ಹಿಂದೆ ಮುಂದೆ ಸೇರಿಸಬಾರದು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಸ್ಪಷ್ಟವಾಗಿ ಹೇಳಿದೆ. ಲೆಟರ್‌ಹೆಡ್, ಆಮಂತ್ರಣ, ಪೋಸ್ಟರ್, ಪುಸ್ತಕ ಎಲ್ಲಕ್ಕೂ ಈ ನಿಯಮ ಅನ್ವಯ. ದುರುಪಯೋಗವಾದರೆ ಪ್ರಶಸ್ತಿಯನ್ನೇ ಕಳೆದುಕೊಳ್ಳಬೇಕಾಗಬಹುದು. ಸಂಘಟಕರು ಅಭಿಮಾನದಿಂದ ಅಚ್ಚು ಹಾಕಿಸಿದರೂ ಮುಜುಗರ ಕಲಾವಿದರಿಗೆ. ಹೆಸರನ್ನು ಹೆಸರಾಗಿಯೇ ಬಿಟ್ಟು, ಒಳಪುಟದ ಪರಿಚಯದಲ್ಲಿ ಪ್ರಶಸ್ತಿಯನ್ನೂ ವರ್ಷವನ್ನೂ ಬರೆಯಿರಿ. 'ಪಂಡಿತ', 'ವಿದುಷಿ' ಎಂಬುವು ಸಂಗೀತ ಲೋಕದ ರೂಢಿಯ ಗೌರವಗಳು, ಅವುಗಳಿಗೂ ಸರ್ಕಾರದ ಪ್ರಶಸ್ತಿಗಳಿಗೂ ಸಂಬಂಧವಿಲ್ಲ.

ಪ್ರಶಸ್ತಿ ಜೊತೆ ದುಡ್ಡು ಎಷ್ಟು ಬರ್ತದೆ?

ಪದ್ಮಕ್ಕೆ ಹಣವಿಲ್ಲ, ರೈಲು ವಿಮಾನದ ರಿಯಾಯಿತಿಯೂ ಇಲ್ಲ. ರಾಷ್ಟ್ರಪತಿಗಳ ಸಹಿಯ ಸನ್ನದು, ಪದಕ, ಸಮಾರಂಭಗಳಲ್ಲಿ ಧರಿಸಲು ಪದಕದ ಚಿಕ್ಕ ಪ್ರತಿಕೃತಿ ಇಷ್ಟು ಸಿಗುತ್ತದೆ. ಅಕಾಡೆಮಿ ಪುರಸ್ಕಾರಕ್ಕೆ ₹1 ಲಕ್ಷ, ಫೆಲೋಶಿಪ್‌ಗೆ ₹3 ಲಕ್ಷ, ಎರಡಕ್ಕೂ ತಾಮ್ರಪತ್ರ ಮತ್ತು ಅಂಗವಸ್ತ್ರ. ಯುವ ಪುರಸ್ಕಾರಕ್ಕೆ ₹25,000.

ಎಲ್ಲಾ ಖ್ಯಾಲ್ (ಹಿಂದೂಸ್ತಾನಿ ಶಾಸ್ತ್ರೀಯ) ಹಾಡೋರಿಗೇ ಆಯ್ತು. ನಮ್ಮ ಜಾನಪದದವರಿಗೆ?

ಈಚಿನ ವರ್ಷಗಳ ಪದ್ಮ ಪಟ್ಟಿ ನೋಡಿದರೆ ಗಾಳಿ ಬದಲಾದದ್ದು ಕಾಣುತ್ತದೆ. ಬಾಗಲಕೋಟೆ ಜಿಲ್ಲೆ ಮಹಾಲಿಂಗಪುರದ ಇಬ್ರಾಹಿಂ ಸುತಾರ್ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಸೂಫಿ ಮತ್ತು ಶರಣರ ಮಾತುಗಳನ್ನು ಒಂದೇ ಭಜನೆಯ ವೇದಿಕೆಗೆ ತಂದವರು ಅವರು. ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ, ಜೋಗತಿ ಕಲೆಯ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ, ಬಾಗಲಕೋಟೆಯ ಗೊಂದಲಿ ಪದಗಳ ವೆಂಕಪ್ಪ ಅಂಬಾಜಿ ಸುಗತೇಕರ್ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಕೊಪ್ಪಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೆಕ್ಯಾತರ ಅವರೂ ಪಟ್ಟಿಯಲ್ಲಿದ್ದರು.

ಅಕಾಡೆಮಿಯಲ್ಲೂ ಜಾನಪದ, ಬುಡಕಟ್ಟು ಸಂಗೀತ ಮತ್ತು ಗೊಂಬೆಯಾಟಕ್ಕೆ ಪ್ರತ್ಯೇಕ ವಿಭಾಗವಿದೆ. ಚೌಡಿಕೆ, ಗೀಗಿ ಪದ, ತತ್ವಪದ, ಕರಡಿ ಮಜಲು ಇವೆಲ್ಲ ಆ ವಿಭಾಗಕ್ಕೆ ಸೇರುತ್ತವೆ. ಹಿಂದೂಸ್ತಾನಿ ಗಾಯನದ ವಿಭಾಗದಲ್ಲಿ ಹೆಸರು ಕಳಿಸಿದರೆ ಎಂಥ ಹಾಡುಗಾರರಾದರೂ ಅಲ್ಲೇ ಕಳೆದುಹೋಗುತ್ತಾರೆ.

ಸಿನಿಮಾದ ರಾಷ್ಟ್ರಪ್ರಶಸ್ತಿ ನಮ್ಮ ಕಡೆಗೆ ಬಂದಿದೆಯಾ?

ಬಂದಿದೆ. 'ಅನ್‌ಕಹಿ' ಹಿಂದಿ ಚಿತ್ರದ ಗಾಯನಕ್ಕೆ ಭೀಮಸೇನ ಜೋಶಿಯವರು 1984ರ ಸಾಲಿನ ಶ್ರೇಷ್ಠ ಹಿನ್ನೆಲೆ ಗಾಯಕ ಪ್ರಶಸ್ತಿ ಪಡೆದರು. ಇನ್ನೊಂದು ನಂಟು ಬೇರೆ ಬಗೆಯದು: ಗದಗಿನ ಪಂಚಾಕ್ಷರಿ ಗವಾಯಿಗಳ ಬದುಕಿನ ಕನ್ನಡ ಚಿತ್ರಕ್ಕೆ 1995ರ ಸಾಲಿನಲ್ಲಿ ಹಂಸಲೇಖ ಅವರಿಗೆ ಸಂಗೀತ ನಿರ್ದೇಶನದ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಗಾಯನದ ಪ್ರಶಸ್ತಿ ಬಂತು.

## ಹೆಸರು ಕಳಿಸುವವರಿಗೆ

ಪದ್ಮಕ್ಕೆ ನಮ್ಮ ಗುರುಗಳ ಹೆಸರನ್ನ ನಾವೇ ಕಳಿಸಬಹುದಾ? ಶಿಫಾರಸು ಬೇಕಾ?

ಯಾವ ನಾಗರಿಕರು ಬೇಕಾದರೂ ಕಳಿಸಬಹುದು. ತಮ್ಮ ಹೆಸರನ್ನು ತಾವೇ ಕಳಿಸುವುದಕ್ಕೂ ಅವಕಾಶವಿದೆ. ಶಾಸಕರ ಪತ್ರ, ಮಂತ್ರಿಗಳ ಪತ್ರ ಕಡ್ಡಾಯವಲ್ಲ. ಎಲ್ಲವೂ ಕೇಂದ್ರದ ರಾಷ್ಟ್ರೀಯ ಪುರಸ್ಕಾರ ಪೋರ್ಟಲ್‌ನಲ್ಲಿ, ಆನ್‌ಲೈನ್‌ನಲ್ಲೇ ನಡೆಯುತ್ತದೆ, ಅಂಚೆಯಲ್ಲಿ ಕಳಿಸಿದ ಕಟ್ಟು ಲೆಕ್ಕಕ್ಕೆ ಬರುವುದಿಲ್ಲ. ಮೊದಲು ಕಳಿಸುವವರು ನೋಂದಣಿ ಮಾಡಿಕೊಳ್ಳಬೇಕು. ಆಮೇಲೆ ಯಾವ ಪ್ರಶಸ್ತಿ, ಯಾವ ಕ್ಷೇತ್ರ ಎಂದು ಆರಿಸಿ, ಕಲಾವಿದರ ವಿವರ ತುಂಬಿ, ಗರಿಷ್ಠ 800 ಪದಗಳ ಸಾಧನೆಯ ವಿವರಣೆ ಸೇರಿಸಬೇಕು.

ಗಡುವು ವರ್ಷ ವರ್ಷ ಬದಲಾಗುತ್ತದೆ. 2026ರ ಪದ್ಮಕ್ಕೆ ಮೊದಲು ಪ್ರಕಟಿಸಿದ ಅವಧಿ 2025ರ ಮಾರ್ಚ್ 15ರಿಂದ ಜುಲೈ 31ರ ತನಕ, ಅದರ ಹಿಂದಿನ ವರ್ಷ ಸೆಪ್ಟೆಂಬರ್ 15ರ ತನಕ ಇತ್ತು. ಹಳೆಯ ದಿನಾಂಕ ನೆಚ್ಚಿ ಕೂತರೆ ಬಾಗಿಲು ಮುಚ್ಚಿರುತ್ತದೆ. ಮಾರ್ಚ್ ಹೊತ್ತಿಗೇ ಕಾಗದಪತ್ರ ಸಿದ್ಧವಿರಲಿ. ಒಮ್ಮೆ ಕಳಿಸಿದ್ದು ಸಾಕೆಂದು ಸುಮ್ಮನಾಗದೆ ಮರುವರ್ಷ ಹೊಸದಾಗಿ ಸಲ್ಲಿಸಿ.

ಬಂದ ಹೆಸರುಗಳನ್ನು ಸಂಪುಟ ಕಾರ್ಯದರ್ಶಿ ನೇತೃತ್ವದ ಪದ್ಮ ಪ್ರಶಸ್ತಿ ಸಮಿತಿ ಪರಿಶೀಲಿಸಿ ಪ್ರಧಾನಿ ಮತ್ತು ರಾಷ್ಟ್ರಪತಿಗೆ ಶಿಫಾರಸು ಮಾಡುತ್ತದೆ. ಮರಣೋತ್ತರ ಹಾಗೂ ವಿದೇಶೀಯರ ಪ್ರಶಸ್ತಿ ಬಿಟ್ಟು ವರ್ಷಕ್ಕೆ ಒಟ್ಟು 120 ಮೀರುವಂತಿಲ್ಲ. ಸಂಗೀತ ಇದರಲ್ಲಿ ಒಂದು ಪಾಲು ಮಾತ್ರ. ಸರ್ಕಾರಿ ನೌಕರಿಯಲ್ಲಿರುವ ಸಂಗೀತ ಶಿಕ್ಷಕರ ಹೆಸರು ಕಳಿಸುವ ಮುನ್ನ ಒಂದು ನಿಯಮ ನೋಡಿಕೊಳ್ಳಿ: ವೈದ್ಯರು, ವಿಜ್ಞಾನಿಗಳನ್ನು ಬಿಟ್ಟು ಸೇವೆಯಲ್ಲಿರುವ ಸರ್ಕಾರಿ ನೌಕರರು ಪದ್ಮಕ್ಕೆ ಅರ್ಹರಲ್ಲ.

800 ಪದದಾಗ ಏನು ಬರೀಬೇಕು? ನಾವು ಬರೆದಿದ್ದು ಹೊಗಳಿಕೆ ಆಗ್ತದೆ.

ಹೆಚ್ಚಿನ ಅರ್ಜಿಗಳು ಸೋಲುವುದು ಇಲ್ಲಿ. 'ನಾಡಿನಾದ್ಯಂತ ಸಾವಿರಾರು ಕಚೇರಿ ನೀಡಿ ನಾದಸರಸ್ವತಿಯ ಸೇವೆಗೈದ ಅಪ್ರತಿಮ ಕಲಾವಿದರು' ಎಂಬ ಸಾಲು ಯಾರಿಗಾದರೂ ಹೊಂದುತ್ತದೆ, ಹಾಗಾಗಿ ಯಾರನ್ನೂ ತೋರಿಸುವುದಿಲ್ಲ. ಅದರ ಬದಲು ಹೀಗೆ ಬರೆಯಿರಿ: ಯಾವ ಗುರುವಿನ ಬಳಿ ಯಾವ ವರ್ಷದಿಂದ ಯಾವ ವರ್ಷದ ತನಕ ಕಲಿತರು, ಯಾವ ಅಪರೂಪದ ರಾಗ, ಬಂದಿಶ್ (ರಾಗದಲ್ಲಿ ಕಟ್ಟಿದ ಚೀಜು, ರಚನೆ) ಅಥವಾ ವಚನಗಾಯನದ ಪದ್ಧತಿಯನ್ನು ಉಳಿಸಿದರು, ಆಕಾಶವಾಣಿಯಲ್ಲಿ ಯಾವ ಶ್ರೇಣಿ, ಯಾವಾಗಿಂದ, ಎಷ್ಟು ಶಿಷ್ಯರು, ಅವರಲ್ಲಿ ವೇದಿಕೆಗೆ ಬಂದವರು ಯಾರು, ಶುಲ್ಕವಿಲ್ಲದೆ ಕಲಿತವರು ಎಷ್ಟು ಮಂದಿ.

ಅಳತೆಗೆ: ತಾಲೀಮು ಮತ್ತು ಪರಂಪರೆಗೆ 150 ಪದ, ಕಲೆಗೆ ಅವರು ಕೊಟ್ಟದ್ದಕ್ಕೆ 350, ಶಿಷ್ಯರು ಮತ್ತು ಸಮಾಜಕ್ಕೆ 200, ಉಳಿದದ್ದು ಈಗಾಗಲೇ ಬಂದ ಮುಖ್ಯ ಪ್ರಶಸ್ತಿಗಳಿಗೆ. ಸನ್ಮಾನದ ಶಾಲುಗಳ ಪಟ್ಟಿ ಬೇಡ, ಐದಾರು ಮುಖ್ಯವಾದವು ಸಾಕು. ದಿನಾಂಕಗಳನ್ನು ಕಲಾವಿದರ ಎದುರು ಕೂತು, ಹಳೆಯ ಕಾರ್ಯಕ್ರಮ ಪತ್ರಿಕೆ ಮತ್ತು ಆಕಾಶವಾಣಿಯ ಕರಾರು ಪತ್ರಗಳೊಂದಿಗೆ ತಾಳೆ ನೋಡಿ. ಒಂದು ವರ್ಷ ತಪ್ಪಿದ್ದು ಕಂಡರೆ ಓದುವವರಿಗೆ ಉಳಿದುದರ ಮೇಲೂ ಅನುಮಾನ ಬರುತ್ತದೆ.

ಅಕಾಡೆಮಿ ಪುರಸ್ಕಾರಕ್ಕೂ ಹಿಂಗೇ ಅರ್ಜಿ ಹಾಕೋದಾ?

ಇಲ್ಲ, ದಾರಿ ಬೇರೆ. ಅಲ್ಲಿ ಹೆಸರುಗಳು ಬರುವುದು ಅಕಾಡೆಮಿಯ ಮಹಾಸಭೆಯ ಸದಸ್ಯರು, ಫೆಲೋಗಳು, ಹಿಂದಿನ ಪುರಸ್ಕೃತರು, ರಾಜ್ಯ ಅಕಾಡೆಮಿಗಳು ಮುಂತಾದವರ ಮೂಲಕ. ಕೊನೆಯ ಆಯ್ಕೆ ಮಹಾಸಭೆಯದು. ಆದ್ದರಿಂದ ನೀವು ಮಾಡಬಹುದಾದದ್ದು, ಕಲಾವಿದರ ಎರಡು ಪುಟದ ಖಚಿತ ಪರಿಚಯ ಮತ್ತು ಒಳ್ಳೆಯ ಧ್ವನಿಮುದ್ರಣವನ್ನು ಇಂಥವರ ಕೈಗೆ ತಲುಪಿಸುವುದು. ಒಂದು ವಿಳಂಬಿತ್ (ನಿಧಾನ ಲಯದ್ದು), ಒಂದು ದ್ರುತ್ (ವೇಗದ ಲಯದ್ದು), ಒಂದು ವಚನ ಅಥವಾ ದಾಸರ ಪದ ಇರುವ ನಲವತ್ತು ನಿಮಿಷದ ಮುದ್ರಣ ಸಾಕು. ಜಾತ್ರೆಯ ಮೈಕಿನ ಮುದ್ರಣವನ್ನು ಕಳಿಸಬೇಡಿ. ಫೆಲೋಶಿಪ್ ಇದಕ್ಕಿಂತ ಮೇಲಿನದು, ಒಂದು ಕಾಲಕ್ಕೆ ಬದುಕಿರುವ ಫೆಲೋಗಳ ಸಂಖ್ಯೆಗೆ ಮಿತಿಯಿದೆ.

ಮಗಳಿಗೆ 22 ವರ್ಷ, ಚೆನ್ನಾಗಿ ಹಾಡ್ತಾಳೆ. ಈಗಲೇ ಏನು ಮಾಡಬೇಕು?

ಪ್ರಶಸ್ತಿಗಿಂತ ಮೊದಲು ಕಲಿಕೆಗೆ ನೆರವು ಹುಡುಕಿ. ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ 18ರಿಂದ 25 ವಯಸ್ಸಿನವರಿಗೆ. ಎರಡು ವರ್ಷ ತಿಂಗಳಿಗೆ ₹5,000 ಸಿಗುತ್ತದೆ. ಅದರ ನಂತರ 25ರಿಂದ 40ರ ತನಕ ಕಿರಿಯ ಫೆಲೋಶಿಪ್ ಇದೆ, ತಿಂಗಳಿಗೆ ₹10,000. ಜೊತೆಜೊತೆಗೆ ಆಕಾಶವಾಣಿಯ ಧ್ವನಿಪರೀಕ್ಷೆಗೆ ಸಿದ್ಧತೆ ಮಾಡಿಸಿ. ಬಿ, ಬಿ-ಹೈ, ಎ, ಟಾಪ್ ಎಂಬ ಶ್ರೇಣಿಗಳಿಗೆ ದೇಶದ ಎಲ್ಲ ಕಡೆ ಒಂದೇ ಅರ್ಥವಿರುವುದರಿಂದ ಆಯ್ಕೆಗಾರರು ಅದನ್ನು ತಟ್ಟನೆ ಗುರುತಿಸುತ್ತಾರೆ. ಅವಸರಪಟ್ಟು ಹತ್ತಾರು ರಾಗ ಕೊಟ್ಟು ಪರೀಕ್ಷೆಯಲ್ಲಿ ತಡವರಿಸುವುದಕ್ಕಿಂತ, ಕೊಟ್ಟ ಪಟ್ಟಿಯ ಪ್ರತಿ ರಾಗವನ್ನೂ ಇಪ್ಪತ್ತು ನಿಮಿಷ ಹಾಡುವ ಶಕ್ತಿ ಬಂದ ಮೇಲೆ ಹೋಗುವುದು ಒಳ್ಳೆಯದು. ಅಕಾಡೆಮಿಯ ಉಸ್ತಾದ್ ಬಿಸ್ಮಿಲ್ಲಾ ಖಾನ್ ಯುವ ಪುರಸ್ಕಾರ 2006ರಿಂದ ಇದೆ, ವಯಸ್ಸಿನ ಮಿತಿ 40. ಸಮಯ ಬೇಕಾದಷ್ಟಿದೆ.

ಪಟ್ಟಿಯಲ್ಲೆಲ್ಲ ಹಾಡೋರೇ. ತಬಲಾ, ಹಾರ್ಮೋನಿಯಂ ಸಾಥ್ ಮಾಡೋರು ಎಲ್ಲಿ?

ನ್ಯಾಯವಾದ ಪ್ರಶ್ನೆ. ಅಕಾಡೆಮಿಯಲ್ಲಿ ವಾದ್ಯಕ್ಕೆ ವಿಭಾಗವಿದೆ, ಬಾಗಿಲು ಮುಚ್ಚಿಲ್ಲ. ಆದರೆ ಸಾಥಿದಾರರ ಕೆಲಸಕ್ಕೆ ದಾಖಲೆಯೇ ಉಳಿಯುವುದಿಲ್ಲ. ಹಳೆಯ ಧ್ವನಿಮುದ್ರಿಕೆಗಳಲ್ಲಿ, ಕಾರ್ಯಕ್ರಮ ಪತ್ರಿಕೆಗಳಲ್ಲಿ ಗಾಯಕರ ಹೆಸರು ದಪ್ಪಕ್ಷರದಲ್ಲಿದ್ದರೆ ಸಾಥಿದಾರರದ್ದು ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಆಯ್ಕೆ ಮಾಡುವವರು ಕಾಗದ ಕೇಳಿದಾಗ ತೋರಿಸಲು ಏನೂ ಇರದು. ಕಾರ್ಯಕ್ರಮ ಏರ್ಪಡಿಸುವವರು ಪೋಸ್ಟರ್, ವಿಡಿಯೊ ಶೀರ್ಷಿಕೆ, ವರದಿ ಮೂರರಲ್ಲೂ ತಬಲಾ, ಹಾರ್ಮೋನಿಯಂ, ತಂಬೂರಿಯವರ ಪೂರ್ಣ ಹೆಸರು ಹಾಕಲೇಬೇಕು. ಸಾಥಿದಾರರು ತಾವು ಸಾಥ್ ಕೊಟ್ಟ ಪ್ರತಿ ಕಚೇರಿಯ ದಿನಾಂಕ, ಊರು, ಗಾಯಕರ ಹೆಸರನ್ನು ಒಂದು ವಹಿಯಲ್ಲಿ ಬರೆದಿಡುವುದು ಇಂದೇ ಶುರುವಾಗಲಿ.

ಹಿರಿಯ ಕಲಾವಿದರೊಬ್ಬರು ಕಷ್ಟದಲ್ಲಿದ್ದಾರೆ. ಪ್ರಶಸ್ತಿ ಬಂದಾಗ ಬರಲಿ, ಈಗ ಏನು ಮಾಡಬಹುದು?

ಪ್ರಶಸ್ತಿಯ ಅರ್ಜಿಗಿಂತ ಮೊದಲು ಈ ಕೆಲಸ ಮಾಡಿ. ಸಂಸ್ಕೃತಿ ಸಚಿವಾಲಯದಲ್ಲಿ ಹಿರಿಯ ಕಲಾವಿದರಿಗೆ ಮಾಸಿಕ ನೆರವಿನ ಯೋಜನೆ ಇದೆ. ವಯಸ್ಸು 60 ದಾಟಿರಬೇಕು, ವಾರ್ಷಿಕ ಆದಾಯ ₹72,000 ಮೀರಿರಬಾರದು, ತಿಂಗಳಿಗೆ ₹6,000ದ ತನಕ ಸಿಗುತ್ತದೆ. ರಾಜ್ಯ ಸರ್ಕಾರದ ಕಲಾವಿದರ ಮಾಸಾಶನಕ್ಕೆ ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಚೇರಿಯಲ್ಲಿ ವಿಚಾರಿಸಿ.

ಅರ್ಜಿ ವಾಪಸ್ ಬರುವುದು ಹೆಚ್ಚಾಗಿ ಸಣ್ಣ ಕಾರಣಗಳಿಗೆ: ಆಧಾರ್‌ನಲ್ಲಿ ಒಂದು ಹೆಸರು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನ್ನೊಂದು, ಪ್ರಶಸ್ತಿ ಪತ್ರದಲ್ಲಿ 'ಗವಾಯಿ' ಸೇರಿದ ಮತ್ತೊಂದು. ಮೂರೂ ಒಬ್ಬರೇ ಎಂಬ ಅಫಿಡವಿಟ್ ಮಾಡಿಸಿ. ತಹಶೀಲ್ದಾರರ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿಲ್ಲವೆಂದು ನೋಡಿಕೊಳ್ಳಿ. ಹಳೆಯ ಕಾರ್ಯಕ್ರಮದ ಫೋಟೊಗಳ ಹಿಂದೆ ದಿನಾಂಕ ಮತ್ತು ಊರು ಬರೆಸಿ, ಎಲ್ಲವನ್ನೂ ಸ್ಕ್ಯಾನ್ ಮಾಡಿ ಎರಡು ಕಡೆ ಇಟ್ಟುಕೊಳ್ಳಿ. ಮುಂದೆ ಪದ್ಮಕ್ಕೋ ಅಕಾಡೆಮಿಗೋ ಹೆಸರು ಕಳಿಸುವಾಗ ಇದೇ ಕಡತ ಕೆಲಸಕ್ಕೆ ಬರುತ್ತದೆ.